ಬೇಟೆಗೆ ಹೋದ ಚಕ್ರವರ್ತಿ, ಲೂಟಿಯಾದ ಗ್ರಂಥ

1248ರ ಫೆಬ್ರವರಿ 18. ಉತ್ತರ ಇಟಲಿಯ ಪಾರ್ಮಾ ನಗರಕ್ಕೆ ತಿಂಗಳುಗಳಿಂದ ಮುತ್ತಿಗೆ ಹಾಕಿದ್ದ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಅಂದು ಸಾಕಿದ ಗಿಡುಗಗಳೊಡನೆ ಬೇಟೆಗೆ ಹೊರಟಿದ್ದನು. ನಗರ ಕೈವಶವಾಗುವುದು ಖಚಿತವೆಂದು ನಂಬಿ ಪಕ್ಕದಲ್ಲೇ ಒಂದು ಶಿಬಿರ ಪಟ್ಟಣವನ್ನು ಕಟ್ಟಿಸಿ, ಅದಕ್ಕೆ ವಿಜಯ ಎಂಬ ಅರ್ಥದ ವಿಟ್ಟೋರಿಯಾ ಎಂಬ ಹೆಸರಿಟ್ಟಿದ್ದನು. ಆತ ದೂರ ಹೋಗಿರುವುದನ್ನು ಅರಿತ ಪಾರ್ಮಾದ ಜನ ಕೋಟೆಯಿಂದ ಹೊರನುಗ್ಗಿ ಶಿಬಿರಕ್ಕೆ ಬೆಂಕಿಯಿಟ್ಟರು. ಖಜಾನೆ ಸೂರೆಯಾಯಿತು. ಕಿರೀಟ ಶತ್ರುಗಳ ಪಾಲಾಯಿತು. ಅದರೊಂದಿಗೆ ಬೇಟೆಯ ಹಕ್ಕಿಗಳನ್ನು ಕುರಿತ ಅಮೂಲ್ಯ ಸಚಿತ್ರ ಹಸ್ತಪ್ರತಿಯೂ ಕೈಬಿಟ್ಟುಹೋಯಿತು.

ಜೀವಮಾನವಿಡೀ ಯಾವ ವಿದ್ಯೆಯನ್ನು ಆರಾಧಿಸಿದನೋ ಅದೇ ವಿದ್ಯೆಯ ಮೋಹ ಅದೇ ವಿದ್ಯೆಯ ಗ್ರಂಥವನ್ನು ಕಳೆಯಿತು. ಇತಿಹಾಸದಲ್ಲಿ ಇಂಥ ವಿಪರ್ಯಾಸಗಳು ವಿರಳ.

ಫ್ರೆಡರಿಕ್ ಜನಿಸಿದ್ದು 1194ರ ಡಿಸೆಂಬರ್ 26ರಂದು, ಇಟಲಿಯ ಯೇಸಿ ಪಟ್ಟಣದಲ್ಲಿ. ತಂದೆ ಜರ್ಮನ್ ಚಕ್ರವರ್ತಿ ಆರನೆಯ ಹೆನ್ರಿ, ತಾಯಿ ಸಿಸಿಲಿಯ ರಾಜಕುಮಾರಿ ಕಾನ್‌ಸ್ಟೆನ್ಸ್. ಮೂರು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡನು. ಮರುವರ್ಷ ತಾಯಿಯೂ ಇಲ್ಲವಾದಳು. ಸಿಸಿಲಿಯ ಪುಟ್ಟ ದೊರೆ ಪೋಪ್ ಮೂರನೆಯ ಇನ್ನೋಸೆಂಟ್‌ನ ಪೋಷಣೆಗೆ ಒಳಪಟ್ಟು ಪಲೆರ್ಮೋದಲ್ಲಿ ಬೆಳೆದನು. ಲ್ಯಾಟಿನ್, ಗ್ರೀಕ್, ಅರಬ್ಬಿ ಸಂಸ್ಕೃತಿಗಳು ಒಂದೆಡೆ ಕಲೆತಿದ್ದ ನಗರವದು. 1220ರಲ್ಲಿ ರೋಮ್‌ನಲ್ಲಿ ಚಕ್ರವರ್ತಿಯಾಗಿ ಅಭಿಷಿಕ್ತನಾದ ಫ್ರೆಡರಿಕ್ 1224ರಲ್ಲಿ ನೇಪಲ್ಸ್ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದನು.

ಕ್ರುಸೇಡಿಗೆ ಹೊರಡಲು ತಡಮಾಡಿದನೆಂದು 1227ರಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿ ಆತನನ್ನು ಧರ್ಮದಿಂದ ಬಹಿಷ್ಕರಿಸಿದನು. ಬಹಿಷ್ಕೃತನಾಗಿಯೇ ಪೂರ್ವಕ್ಕೆ ತೆರಳಿದ ಫ್ರೆಡರಿಕ್ 1229ರಲ್ಲಿ ಈಜಿಪ್ಟಿನ ಸುಲ್ತಾನ ಅಲ್ ಕಾಮಿಲ್‌ನೊಡನೆ ಹತ್ತು ವರ್ಷಗಳ ಒಪ್ಪಂದ ಮಾಡಿಕೊಂಡು, ಕದನವಿಲ್ಲದೆ ಜೆರುಸಲೇಮನ್ನು ಪಡೆದನು. ಅರಬ್ಬರ ಸಂಪರ್ಕದಿಂದ ಆತನಿಗಾದ ಇನ್ನೊಂದು ಲಾಭ ಗಿಡುಗದ ತಲೆಗೆ ತೊಡಿಸುವ ಚರ್ಮದ ಕುಲಾವಿ. ಕಣ್ಣು ಮರೆಯಾದಾಗ ಹಕ್ಕಿ ಬೆದರದೆ ಶಾಂತವಾಗಿರುತ್ತದೆ. ಈ ಸಾಧನವನ್ನು ಪೂರ್ವದವರಿಂದ ಕಲಿತು, ಸುಧಾರಿಸಿ, ತನ್ನ ಆಸ್ಥಾನದಲ್ಲಿ ಬಳಕೆಗೆ ತಂದನು.

ಗಿಡುಗಬೇಟೆಯ ಬಗ್ಗೆ ದೊರೆಯುವ ಗ್ರಂಥಗಳನ್ನೂ ಬಲ್ಲವರನ್ನೂ ಆತ ಎಲ್ಲೆಡೆಯಿಂದ ತರಿಸಿಕೊಂಡನು. ಮೊಆಮಿನ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಅರಬ್ಬಿ ಗ್ರಂಥವನ್ನು ಆಸ್ಥಾನ ಪಂಡಿತ ಅಂತಿಯೋಕಿನ ಥಿಯೋಡರ್‌ನಿಂದ ಲ್ಯಾಟಿನ್ನಿಗೆ ಅನುವಾದ ಮಾಡಿಸಿ, 1240-41ರ ಫಾಯೆಂಜಾ ಮುತ್ತಿಗೆಯ ನಡುವೆ ಅದನ್ನು ಸ್ವತಃ ತಿದ್ದಿದನು. ಆ ಕಾಲದ ರಾಜಾಜ್ಞೆಗಳಲ್ಲಿ ತೆರಿಗೆ, ಕೋಟೆಗಳ ವಿಚಾರದ ಜೊತೆಗೆ ಗಿಡುಗಗಳ ಆರೈಕೆಯ ಸೂಚನೆಗಳೂ ಸೇರಿವೆ.

ಸುಮಾರು ಮೂವತ್ತು ವರ್ಷಗಳ ಚಿಂತನೆಯ ಫಲವಾಗಿ ಮೂಡಿದ ಆತನ ಲ್ಯಾಟಿನ್ ಗ್ರಂಥದ ಹೆಸರಿಗೆ ಹಕ್ಕಿಗಳೊಡನೆ ಬೇಟೆಯಾಡುವ ಕಲೆ ಎಂದರ್ಥ. ಇದು ಕೇವಲ ಬೇಟೆಯ ಕೈಪಿಡಿಯಲ್ಲ. ಹಕ್ಕಿಗಳ ದೇಹರಚನೆ, ಗೂಡು, ವಲಸೆ, ಹಾರಾಟಗಳ ವಿವರ ಇದರಲ್ಲಿದೆ. ಅಂದು ವಿದ್ವಾಂಸರು ಪ್ರಶ್ನಿಸಲು ಹಿಂಜರಿಯುತ್ತಿದ್ದ ಅರಿಸ್ಟಾಟಲನನ್ನೇ, ಬೇಟೆಯ ಅನುಭವವಿಲ್ಲದೆ ಕೇಳಿದ್ದನ್ನು ಬರೆದವನೆಂದು ಫ್ರೆಡರಿಕ್ ಆಕ್ಷೇಪಿಸಿದನು. ರಣಹದ್ದುಗಳ ಕಣ್ಣು ಮುಚ್ಚಿಸಿ ನೋಡಿ, ಅವು ಮಾಂಸವನ್ನು ಪತ್ತೆಹಚ್ಚುವುದು ವಾಸನೆಯಿಂದಲ್ಲ, ದೃಷ್ಟಿಯಿಂದ ಎಂದು ಗುರುತಿಸಿದನು. ಒಂದು ಬಗೆಯ ಹೆಬ್ಬಾತು ಸಮುದ್ರದ ಮರದ ದಿಮ್ಮಿಗಳಲ್ಲಿ ಹುಟ್ಟುತ್ತದೆಂಬ ನಂಬಿಕೆಯನ್ನು ಪರೀಕ್ಷಿಸಲು ಉತ್ತರಕ್ಕೆ ದೂತರನ್ನು ಕಳುಹಿಸಿ ಅಂಥ ದಿಮ್ಮಿಗಳನ್ನು ತರಿಸಿದನು. ಅವುಗಳಲ್ಲಿ ಹಕ್ಕಿಯ ಸುಳಿವೇ ಕಾಣದಿದ್ದಾಗ, ಆ ಹೆಬ್ಬಾತುಗಳು ದೂರದ ನಾಡಿನಲ್ಲಿ ಮೊಟ್ಟೆಯಿಡುತ್ತವೆ, ಜನ ನೋಡದ ಕಾರಣ ಕಥೆ ಹುಟ್ಟಿದೆ ಎಂದು ನಿರ್ಣಯಿಸಿದನು.

ಆದರೆ ರಾಜಕೀಯ ಆತನ ಕೈಮೀರುತ್ತಿತ್ತು. 1239ರಲ್ಲಿ ಮತ್ತೆ ಬಹಿಷ್ಕಾರ, 1245ರಲ್ಲಿ ಲಿಯಾನ್ ಧರ್ಮಸಭೆಯಲ್ಲಿ ಪದಚ್ಯುತಿಯ ಘೋಷಣೆ. ಪಾರ್ಮಾದ ಸೋಲು ಆತನ ಪ್ರತಿಷ್ಠೆಗೆ ತೀವ್ರ ಪೆಟ್ಟು ನೀಡಿತು. ಸಂಶಯಗ್ರಸ್ತನಾದ ದೊರೆ 1249ರಲ್ಲಿ ತನ್ನ ಬಹುಕಾಲದ ಆಪ್ತ ಮಂತ್ರಿ ಪಿಯೆರ್ ದೆಲ್ಲಾ ವಿಞಾನ ಕಣ್ಣು ಕೀಳಿಸಿದನು. 1250ರ ಡಿಸೆಂಬರ್ 13ರಂದು ದಕ್ಷಿಣ ಇಟಲಿಯಲ್ಲಿ ಕೊನೆಯುಸಿರೆಳೆದನು. ಸಮಾಧಿ ಪಲೆರ್ಮೋ ಕೆಥೆಡ್ರಲ್‌ನಲ್ಲಿದೆ.

ಲೂಟಿಯಾದ ಹಸ್ತಪ್ರತಿಯ ಸುಳಿವು ಮುಂದೆ ಒಮ್ಮೆ ಮಾತ್ರ ಸಿಗುತ್ತದೆ. 1264-65ರ ಸುಮಾರಿಗೆ ಮಿಲಾನಿನ ವರ್ತಕನೊಬ್ಬ, ಚಿನ್ನ ಬೆಳ್ಳಿಗಳಿಂದ ಅಲಂಕೃತವಾದ ಎರಡು ಸಂಪುಟಗಳು ತನ್ನಲ್ಲಿವೆಯೆಂದು ಆಂಜೂವಿನ ಚಾರ್ಲ್ಸ್‌ಗೆ ಪತ್ರ ಬರೆದನು. ಅವುಗಳಲ್ಲಿದ್ದುದು ಇದೇ ಕೃತಿಯೋ ಬೇರೆಯೋ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಸಂಪುಟಗಳಂತೂ ಮತ್ತೆ ಕಾಣಲಿಲ್ಲ.

ಗ್ರಂಥ ಉಳಿದಿದ್ದು ಮಗನಿಂದ. ತಂದೆ ಬಿಟ್ಟುಹೋದ ಕರಡು ಟಿಪ್ಪಣಿಗಳನ್ನು ಸಂಗ್ರಹಿಸಿದ ಮ್ಯಾನ್‌ಫ್ರೆಡ್, ಅವನ್ನು ಸೇರಿಸಿ ಹೊಸ ಪ್ರತಿಯನ್ನು ಸಿದ್ಧಪಡಿಸಿದನು. ಅದರ ಅಂಚುಗಳಲ್ಲಿ ನೂರಾರು ಹಕ್ಕಿಗಳ ವರ್ಣಚಿತ್ರಗಳಿವೆ. 1266ರಲ್ಲಿ ಬೆನೆವೆಂಟೋ ಕದನದಲ್ಲಿ ಮ್ಯಾನ್‌ಫ್ರೆಡ್ ಹತನಾದನು. ಶತಮಾನಗಳ ನಂತರ ನ್ಯೂರೆಂಬರ್ಗಿನ ವೈದ್ಯ ಯೋಆಕಿಮ್ ಕಮೆರಾರಿಯಸ್‌ನ ಸಂಗ್ರಹದಲ್ಲಿದ್ದ ಹಸ್ತಪ್ರತಿಯನ್ನು ಆಧರಿಸಿ 1596ರಲ್ಲಿ ಔಗ್ಸ್‌ಬರ್ಗ್‌ನಲ್ಲಿ ಮೊದಲ ಮುದ್ರಿತ ಆವೃತ್ತಿ ಹೊರಬಂತು. 1788-89ರಲ್ಲಿ ಲೈಪ್‌ಜಿಗ್‌ನಲ್ಲಿ ಮತ್ತೊಂದು ಆವೃತ್ತಿ, 1943ರಲ್ಲಿ ಇಂಗ್ಲಿಷ್ ಅನುವಾದ ಪ್ರಕಟವಾದವು. ಬೇಟೆಸಾಹಿತ್ಯದ ಸಂಗ್ರಾಹಕರಿಗೆ ಈ ಹಳೆಯ ಮುದ್ರಣಗಳು ಇಂದಿಗೂ ಅಪೂರ್ವ ನಿಧಿ.

ಮ್ಯಾನ್‌ಫ್ರೆಡನ ಪ್ರತಿ ಹೈಡೆಲ್‌ಬರ್ಗ್ ಗ್ರಂಥಾಲಯವನ್ನು ಸೇರಿತ್ತು. 1622ರಲ್ಲಿ ಆ ನಗರ ಕ್ಯಾಥೊಲಿಕ್ ಸೇನೆಗೆ ಸೋತಾಗ ಇಡೀ ಗ್ರಂಥಭಂಡಾರ ಪೋಪ್‌ಗೆ ಕಾಣಿಕೆಯಾಗಿ ರೋಮ್‌ಗೆ ಸಾಗಿತು. ಅಲ್ಲಿನ ಪುಟಗಳು ಈಗಲೂ ಹೊಸ ಸಂಗತಿ ನುಡಿಯುತ್ತಿವೆ. ಸುಲ್ತಾನನ ಕೊಡುಗೆಯಾಗಿ ಬಂದ ಬಿಳಿಯ ಕಾಕಟೂ ಗಿಳಿಯ ನಾಲ್ಕು ಚಿತ್ರಗಳು ಅದರಲ್ಲಿರುವುದನ್ನು 2018ರಲ್ಲಿ ಸಂಶೋಧಕರು ಪ್ರಕಟಿಸಿದರು. ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಹಕ್ಕಿಯೊಂದು ಹದಿಮೂರನೆಯ ಶತಮಾನದಲ್ಲೇ ಸಿಸಿಲಿ ತಲುಪಿತ್ತೆಂಬುದಕ್ಕೆ ಇದು ಸಾಕ್ಷಿ.

ಫ್ರೆಡರಿಕ್ ವಂಶ ಅಳಿಯಿತು, ಸಾಮ್ರಾಜ್ಯ ಚೂರಾಯಿತು. ಅವನ ಗ್ರಂಥ ಮಾತ್ರ ಸುರಕ್ಷಿತವಾಗಿದೆ. ಅದನ್ನು ಕಾಯುತ್ತಿರುವುದು ಆತನನ್ನು ಬಹಿಷ್ಕರಿಸಿದ ಅದೇ ಪೋಪ್ ಪೀಠದ ವ್ಯಾಟಿಕನ್ ಗ್ರಂಥಾಲಯ.