ಪ್ರಜಾಪ್ರತಿನಿಧಿ ಸಭೆಯ ಸ್ಥಾಪಕ ದಿವಾನ್ ರಂಗಾಚಾರ್ಲು

ಕಪಿಲೆಯ ದಡದ ನಂಜನಗೂಡಿನ ರೈತನಾಗಲಿ, ಕಾವೇರಿ ಕಪಿಲೆಯರ ಸಂಗಮದಿಂದ ಪುನೀತವಾದ ತಿರುಮಕೂಡಲು ನರಸೀಪುರದ ಗದ್ದೆಯ ಒಡೆಯನಾಗಲಿ, ತನ್ನ ಸೀಮೆಯ ಕೆರೆ ಕಾಲುವೆ, ಕಂದಾಯ, ರಸ್ತೆಗಳ ಕಷ್ಟಸುಖವನ್ನು ರಾಜ್ಯದ ದಿವಾನರ ಸಮ್ಮುಖದಲ್ಲಿ ನಿಂತು ನಿವೇದಿಸಬಹುದೆಂಬುದು ಒಂದು ಕಾಲಕ್ಕೆ ಊಹೆಗೂ ನಿಲುಕದ ಸಂಗತಿಯಾಗಿತ್ತು. ಅಮಲ್ದಾರರ ಕಚೇರಿಯೇ ಅವನ ಪಾಲಿನ ಸರ್ಕಾರ. ಅದನ್ನು ಮೀರಿ ಅವನ ದನಿಗೊಂದು ಸ್ಥಾನವನ್ನು ಕಲ್ಪಿಸಿದ ಮಹನೀಯರು ದಿವಾನ್ ಸಿ. ರಂಗಾಚಾರ್ಲು ಅವರು.

ರಂಗಾಚಾರ್ಲು ಅವರು 1831ರಲ್ಲಿ ಮದರಾಸು ಪ್ರಾಂತದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಜನಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡದ್ದೂ ಅದೇ ವರ್ಷವೇ. ಸಾಮಾನ್ಯ ಗುಮಾಸ್ತರಾಗಿ ಸರ್ಕಾರಿ ಸೇವೆಗೆ ಸೇರಿದ ಅವರು ಕಂದಾಯ ಇಲಾಖೆಯ ಒಳಹೊರಗುಗಳನ್ನು ಚೆನ್ನಾಗಿ ಅರಿತರು. ಅಲ್ಲಿನ ಲಂಚಗುಳಿತನವನ್ನು ಖಂಡಿಸಿ ಕಿರುಹೊತ್ತಗೆಯನ್ನೂ ಬರೆದರು. ಇನಾಂ ಕಮಿಷನ್ನಿನಲ್ಲಿ ಅವರು ತೋರಿದ ದಕ್ಷತೆ ಮೇಲಧಿಕಾರಿಗಳ ಮನ್ನಣೆಗೆ ಪಾತ್ರವಾಯಿತು. 1868ರಲ್ಲಿ ಮುಮ್ಮಡಿಯವರು ದಿವಂಗತರಾದ ತರುವಾಯ ಅರಮನೆಯ ಲೆಕ್ಕಪತ್ರಗಳನ್ನು ಸರಿಪಡಿಸುವ ಹೊಣೆ ಹೊತ್ತು ಅವರು ಮೈಸೂರಿಗೆ ಬಂದರು. ಮುಂದೆ ಈ ನಾಡೇ ಅವರ ಕರ್ಮಭೂಮಿಯಾಯಿತು.

1881ರ ಮಾರ್ಚ್ 25ರಂದು, ಐವತ್ತು ವರ್ಷಗಳ ಅನಂತರ, ರಾಜ್ಯವು ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. ರಂಗಾಚಾರ್ಲು ದಿವಾನರಾದರು. ಆ ಪದವಿ ಹೂವಿನ ಹಾಸಿಗೆಯಾಗಿರಲಿಲ್ಲ. 1876ರಿಂದ 1878ರವರೆಗಿನ ಘೋರ ಕ್ಷಾಮ ನಾಡನ್ನು ಬರಿದುಮಾಡಿತ್ತು. 1871ರಲ್ಲಿ 50 ಲಕ್ಷಕ್ಕೂ ಮೇಲಿದ್ದ ಜನಸಂಖ್ಯೆ 1881ರ ಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬೊಕ್ಕಸ ಬರಿದಾಗಿತ್ತು, ಬ್ರಿಟಿಷ್ ಸರ್ಕಾರಕ್ಕೆ 80 ಲಕ್ಷ ರೂಪಾಯಿಗಳ ಸಾಲ ಉಳಿದಿತ್ತು. ವರ್ಷವರ್ಷವೂ ತೆರಬೇಕಾದ ಕಪ್ಪವನ್ನು ಇಪ್ಪತ್ನಾಲ್ಕೂವರೆ ಲಕ್ಷದಿಂದ 35 ಲಕ್ಷಕ್ಕೆ ಏರಿಸಲಾಗಿತ್ತು. ಕ್ಷಾಮದ ದೆಸೆಯಿಂದ ಆ ಹೆಚ್ಚುವರಿ ಭಾರ ಐದು ವರ್ಷ ಮುಂದಕ್ಕೆ ಹೋದುದೊಂದೇ ಸಮಾಧಾನ. ವೆಚ್ಚವನ್ನು ತಗ್ಗಿಸಲು ದಿವಾನರು ಜಿಲ್ಲೆಗಳನ್ನೂ ಕಚೇರಿಗಳನ್ನೂ ಕಡಿತಗೊಳಿಸಿದರು. ಆದರೂ ಬೆಂಗಳೂರು ಮೈಸೂರು ರೈಲುಮಾರ್ಗದ ಕೆಲಸವನ್ನು ನಿಲ್ಲಿಸಲಿಲ್ಲ. 1882ರಲ್ಲಿ ರೈಲು ಮೈಸೂರನ್ನು ಮುಟ್ಟಿತು; 1891ರಲ್ಲಿ ನಂಜನಗೂಡಿಗೂ ಬಂದಿತು.

ಇಂತಹ ಸಂಕಟದ ದಿನಗಳಲ್ಲಿ ಅಧಿಕಾರವನ್ನೆಲ್ಲ ಮುಷ್ಟಿಯಲ್ಲಿ ಹಿಡಿಯುವುದು ಆಳುವವರ ಸಹಜ ಪ್ರವೃತ್ತಿ. ರಂಗಾಚಾರ್ಲು ಅವರಾದರೋ ಲೆಕ್ಕವನ್ನು ಪ್ರಜೆಗಳ ಮುಂದಿಡಲು ನಿಶ್ಚಯಿಸಿದರು. 1881ರ ಆಗಸ್ಟ್ 25ರಂದು ಮಹಾರಾಜರ ಸರ್ಕಾರದ ಆಜ್ಞೆ ಹೊರಟಿತು. ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ಭೂಹಿಡುವಳಿದಾರರು, ಪ್ರತಿ ಜಿಲ್ಲೆಯಿಂದ ಮೂರುನಾಲ್ಕು ಮಂದಿ ವರ್ತಕರು ದಸರೆಯ ಸಮಯದಲ್ಲಿ ಮೈಸೂರಿನಲ್ಲಿ ನೆರೆಯಬೇಕೆಂದು ಗೊತ್ತಾಯಿತು. ಅಕ್ಟೋಬರ್ 7ರಂದು 144 ಮಂದಿ ಪ್ರತಿನಿಧಿಗಳು ಸೇರಿದರು. ದಿವಾನರೇ ಅಧ್ಯಕ್ಷರಾಗಿ ಆಯವ್ಯಯವನ್ನೂ ಕೈಗೊಂಡ ಕೆಲಸಗಳನ್ನೂ ವಿವರಿಸಿ, ಬಂದವರ ಅಹವಾಲುಗಳನ್ನು ಆಲಿಸಿದರು. ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಉದಯಕ್ಕೆ ಇನ್ನೂ ನಾಲ್ಕು ವರ್ಷಗಳಿದ್ದವು.

ಆ ಸಭೆಯ ಮಿತಿಗಳೂ ಸ್ಪಷ್ಟವಾಗಿದ್ದವು. ಸದಸ್ಯರು ಜನರಿಂದ ಚುನಾಯಿತರಾದವರಲ್ಲ. ಶಾಸನ ಮಾಡುವ ಅಧಿಕಾರವಾಗಲಿ, ದಿವಾನರ ನಿರ್ಣಯವನ್ನು ತಡೆಯುವ ಅಧಿಕಾರವಾಗಲಿ ಅವರಿಗಿರಲಿಲ್ಲ. ಜಮೀನೂ ವ್ಯಾಪಾರವೂ ಉಳ್ಳವರಿಗೆ ಅಲ್ಲಿ ಪೀಠ ದೊರೆಯಿತು. ಕ್ಷಾಮದಲ್ಲಿ ಎಲ್ಲರಿಗಿಂತ ಹೆಚ್ಚು ನೊಂದ ಕೂಲಿಕಾರನಿಗೂ ಹೆಣ್ಣುಮಕ್ಕಳಿಗೂ ಅಲ್ಲಿ ಎಡೆಯಿರಲಿಲ್ಲ. ಆದರೂ ಸರ್ಕಾರವು ಪ್ರಜೆಗಳಿಗೆ ಲೆಕ್ಕ ಒಪ್ಪಿಸಬೇಕೆಂಬ ಪದ್ಧತಿ ಒಮ್ಮೆ ಬೇರೂರಿದ ಮೇಲೆ ಅದನ್ನು ಕಿತ್ತೊಗೆಯುವುದು ಮುಂದಿನ ಯಾವ ದಿವಾನರಿಗೂ ಸುಲಭವಾಗಿರಲಿಲ್ಲ.

1882ರ ಎರಡನೆಯ ಅಧಿವೇಶನವನ್ನು ನಡೆಸಿಕೊಟ್ಟ ರಂಗಾಚಾರ್ಲು ಅವರು ಮೂರನೆಯದನ್ನು ಕಾಣಲಿಲ್ಲ. 1883ರ ಜನವರಿ 20ರಂದು ಮದರಾಸಿನಲ್ಲಿ ಅವರು ಕಾಲವಶರಾದರು. ದಿವಾನಗಿರಿ ಎರಡು ವರ್ಷವೂ ತುಂಬಿರಲಿಲ್ಲ. ಅವರು ನೆಟ್ಟ ಸಸಿ ಮಾತ್ರ ಒಣಗಲಿಲ್ಲ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಆಸ್ತಿಯ ಅರ್ಹತೆಯ ಮೇಲೆ ಚುನಾವಣೆಯ ಹಕ್ಕು ಬಂದಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬೇರೆಯಾಗಿ ಸ್ಥಾಪಿತವಾಯಿತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾಯಿದೆಯ ಆಧಾರ ಲಭಿಸಿತು. ಸ್ವಾತಂತ್ರ್ಯಾನಂತರ, 1949ರಲ್ಲಿ, ಅದು ವಿಸರ್ಜಿತವಾಯಿತು. ಮೈಸೂರಿನ ಪುರಭವನ ಇಂದಿಗೂ ರಂಗಾಚಾರ್ಲು ಅವರ ಹೆಸರನ್ನು ಹೊತ್ತು ನಿಂತಿದೆ.

ಭವನಕ್ಕಿಂತ ದೊಡ್ಡ ಸ್ಮಾರಕವೊಂದು ಈ ಸೀಮೆಯಲ್ಲೇ ಇದೆ. ನಂಜನಗೂಡು ಮತ್ತು ತಿ. ನರಸೀಪುರ ಇಂದು ಪರಿಶಿಷ್ಟ ಜಾತಿಯವರಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. 1881ರ ಸಭೆಯ ಬಾಗಿಲಾಚೆಗೆ ಉಳಿದ ಕುಲಗಳ ಮಕ್ಕಳೇ ಈ ಎರಡು ತಾಲ್ಲೂಕುಗಳ ಪರವಾಗಿ ಶಾಸನ ಸಭೆಯಲ್ಲಿ ಮಾತನಾಡುತ್ತಾರೆ. ಅವರನ್ನು ಆರಿಸುವ ಹಕ್ಕು ಗಂಡು ಹೆಣ್ಣು, ಉಳ್ಳವರು ಇಲ್ಲದವರು ಎಂಬ ಭೇದವಿಲ್ಲದೆ ವಯಸ್ಕರೆಲ್ಲರದು. ರಂಗಾಚಾರ್ಲು ಅವರು ತೆರೆದದ್ದು ಕಿರಿದಾದ ಬಾಗಿಲು. ಅದನ್ನು ಹಿರಿದಾಗಿಸಿದವರು ಅನಂತರದ ತಲೆಮಾರಿನವರು. ಮುಚ್ಚದಂತೆ ಕಾಯುವ ಹೊಣೆ ಇಂದು ಓದುತ್ತಿರುವ ಮಕ್ಕಳದು.