ಕ್ವಿಂಕೆಯ ಸೂಜಿ: ಮಗುವಿನ ಬೆನ್ನಿನಿಂದ ಕುದುರೆಯ ಲಾಯಕ್ಕೆ

ಕುದುರೆಯ ಮಿದುಳಿಗೆ ಬ್ಯಾಕ್ಟೀರಿಯಾ ಸೋಂಕು ತಗುಲಿದೆಯೆಂದು ಗುರುತಿಸುವುದು ಪಶುವೈದ್ಯರಿಗೆ ಇಂದಿಗೂ ಸುಲಭದ ಕೆಲಸವಲ್ಲ. ಜ್ವರವಿರುತ್ತದೆ, ಮೇವು ಮುಟ್ಟುವುದಿಲ್ಲ, ಕುತ್ತಿಗೆ ಸೆಟೆದಿರುತ್ತದೆ. ಕೆಲವು ಕುದುರೆಗಳು ಲಾಯದ ಗೋಡೆಗೆ ಹಣೆಯೊತ್ತಿ ನಿಂತುಬಿಡುತ್ತವೆ, ಕೆಲವು ಒಂದೇ ಕಡೆಗೆ ಸುತ್ತು ಹಾಕುತ್ತವೆ. ಆದರೆ ವೈರಸ್ಸಿನಿಂದಲೂ, ವಿಷ ಬೆರೆತ ಮೇವಿನಿಂದಲೂ, ತಲೆಗೆ ಬಿದ್ದ ಪೆಟ್ಟಿನಿಂದಲೂ ಹೀಗೆಯೇ ಆಗಬಹುದು. ಸಂದೇಹ ಬಗೆಹರಿಯಬೇಕಾದರೆ ಮಿದುಳನ್ನೂ ಬೆನ್ನುಹುರಿಯನ್ನೂ ಆವರಿಸಿರುವ ತಿಳಿದ್ರವವನ್ನು ಹೊರತೆಗೆದು ನೋಡಬೇಕು. ಆ ದ್ರವವನ್ನು ಜೀವಂತ ರೋಗಿಯ ಬೆನ್ನಿನಿಂದ ಬರಿಯ ಸೂಜಿಯೊಂದರಲ್ಲಿ ತೆಗೆಯಬಹುದೆಂದು ವೈದ್ಯಲೋಕಕ್ಕೆ ಕಲಿಸಿದವರು ಜರ್ಮನಿಯ ಹೈನ್‌ರಿಶ್ ಕ್ವಿಂಕೆ. ಅವರು ಪಶುವೈದ್ಯರಲ್ಲ, ಮನುಷ್ಯರ ವೈದ್ಯರು. ಆದರೂ ಈ ಕಥೆಯಲ್ಲಿ ಪ್ರಾಣಿಗಳು ಮೊದಲಿನಿಂದಲೂ ಇವೆ.

ಕ್ವಿಂಕೆ ಹುಟ್ಟಿದ್ದು 1842ರ ಆಗಸ್ಟ್ 26ರಂದು, ಓಡರ್ ನದಿಯ ದಂಡೆಯ ಫ್ರಾಂಕ್‌ಫರ್ಟ್ ಪಟ್ಟಣದಲ್ಲಿ. ತಂದೆ ವೈದ್ಯರು. ಅಣ್ಣ ಗೇಯಾರ್ಗ್ ಮುಂದೆ ಹೆಸರಾಂತ ಭೌತವಿಜ್ಞಾನಿಯಾದರು. ಹೈನ್‌ರಿಶ್ ವೈದ್ಯಶಾಸ್ತ್ರ ಕಲಿತ ಕಾಲವೂ ಅದೃಷ್ಟದ್ದೇ. ವಿರ್ಕೋ, ಹೆಲ್ಮ್‌ಹೋಲ್ಟ್ಸ್ ಅಂಥವರು ಪಾಠ ಹೇಳುತ್ತಿದ್ದ ದಿನಗಳವು. ಬರ್ಲಿನ್ನಿನಲ್ಲಿ ಫ್ರೆರಿಕ್ಸ್ ಅವರ ಸಹಾಯಕರಾಗಿ ದುಡಿದ ಬಳಿಕ 1873ರಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್ ನಗರಕ್ಕೆ ಪ್ರಾಧ್ಯಾಪಕರಾಗಿ ಹೋದರು. 1878ರಲ್ಲಿ ಬಾಲ್ಟಿಕ್ ಕಡಲ ತೀರದ ಕೀಲ್ ವಿಶ್ವವಿದ್ಯಾಲಯ ಸೇರಿ ಮೂವತ್ತು ವರ್ಷ ಅಲ್ಲಿಯೇ ನೆಲೆಸಿದರು. ತುಟಿ, ಕಣ್ಣುರೆಪ್ಪೆಗಳು ಹಠಾತ್ತನೆ ಊದಿಕೊಳ್ಳುವ ತೊಂದರೆಯನ್ನು ಅವರು 1882ರಲ್ಲಿ ವಿವರಿಸಿದರು. ಅದು ಇಂದಿಗೂ ಅವರ ಹೆಸರಿನಲ್ಲಿದೆ.

ಅವರ ಮುಖ್ಯ ಸಾಧನೆಯ ಬೇರು ಮಾತ್ರ ಇನ್ನೂ ಹಿಂದಿನದು. 1872ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಅವರು ನಾಯಿಗಳ ಮಿದುಳಿನ ದ್ರವಕ್ಕೆ ಇಂಗಲಿಕದ ಕೆಂಪು ಪುಡಿಯನ್ನು ಸೇರಿಸಿ, ಅದು ಎಲ್ಲೆಲ್ಲಿಗೆ ತಲುಪುತ್ತದೆಂದು ಹುಡುಕಿದ್ದರು. ತಲೆಯ ದ್ರವಕ್ಕೂ ಬೆನ್ನಿನ ದ್ರವಕ್ಕೂ ನಡುವೆ ಅಡ್ಡಗೋಡೆಯಿಲ್ಲ, ಎರಡೂ ಒಂದೇ ಕೊಳದ ನೀರು ಎಂಬುದು ಅದರಿಂದ ಸ್ಪಷ್ಟವಾಯಿತು. ಹಾಗಿದ್ದರೆ ತಲೆಬುರುಡೆಯೊಳಗೆ ಒತ್ತಡ ಏರಿದಾಗ ಬುರುಡೆ ಕೊರೆಯಬೇಕಾಗಿಲ್ಲ, ಸೊಂಟದ ಬಳಿ ಸೂಜಿ ಹಾಕಿದರೂ ಸಾಕು. ಇಷ್ಟು ಸರಳವಾದ ತರ್ಕ ಮನುಷ್ಯನ ಮೇಲೆ ಪ್ರಯೋಗಕ್ಕೆ ಬರಲು ಹದಿನೆಂಟು ವರ್ಷಗಳೇ ಹಿಡಿದವು.

ಎರಡು ವರ್ಷವೂ ತುಂಬದ, ಪ್ರಜ್ಞೆ ತಪ್ಪಿದ್ದ ಗಂಡುಮಗು ಅವರ ಮೊದಲ ರೋಗಿಗಳಲ್ಲಿ ಒಬ್ಬ. ಮಿದುಳುಪೊರೆಯ ಉರಿಯೂತದ ಶಂಕೆ. ಕ್ವಿಂಕೆ ಸೊಂಟದ ಭಾಗದ ಬೆನ್ನೆಲುಬಿನ ಮಣಿಗಳ ನಡುವೆ ಸಣ್ಣ ಸೂಜಿ ತೂರಿಸಿ ಕೆಲವೇ ಹನಿ ದ್ರವ ತೆಗೆದರು. ಕೆಲ ದಿನಗಳ ಅಂತರದಲ್ಲಿ ಮತ್ತೆ ಹಾಗೆಯೇ ಮಾಡಿದರು. ಮಗು ಚೇತರಿಸಿಕೊಂಡಿತು. ಮನುಷ್ಯನ ಬೆನ್ನುಹುರಿ ಸೊಂಟದ ಮೊದಲ ಒಂದೆರಡು ಮಣಿಗಳ ಬಳಿಯೇ ಮುಗಿಯುತ್ತದೆ, ಅದರ ಕೆಳಗೆ ದ್ರವದಲ್ಲಿ ತೇಲುವ ನರಗಳಷ್ಟೇ ಇರುತ್ತವೆ. ಕೆಳಗಿನ ಸಂದಿಯನ್ನು ಅವರು ಆರಿಸಿಕೊಂಡದ್ದು ಇದನ್ನರಿತೇ. 1891ರ ಏಪ್ರಿಲ್‌ನಲ್ಲಿ ವೀಸ್‌ಬಾಡೆನ್ ವೈದ್ಯ ಸಮ್ಮೇಳನದಲ್ಲಿ ತಮ್ಮ ವಿಧಾನವನ್ನು ಮಂಡಿಸಿದರು. ಲಂಡನ್ನಿನ ವಾಲ್ಟರ್ ಎಸೆಕ್ಸ್ ವಿಂಟರ್ ಅದೇ ವೇಳೆಗೆ ನಾಲ್ವರು ರೋಗಿಗಳ ಬೆನ್ನಿನಿಂದ ದ್ರವ ಹರಿಸಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಅವರದು ಚರ್ಮ ಕೊಯ್ದು ನಳಿಕೆಯಿಡುವ ಕ್ರಮ, ನಾಲ್ವರೂ ಉಳಿಯಲಿಲ್ಲ. ಯಾರು ಬೇಕಾದರೂ ಕಲಿಯಬಹುದಾದ, ಗಾಯ ಉಳಿಸದ ವಿಧಾನ ಕ್ವಿಂಕೆಯವರದು.

ವಿಚಿತ್ರವೆಂದರೆ ಅವರು ಇದನ್ನು ಆರಂಭಿಸಿದ್ದು ಚಿಕಿತ್ಸೆಯೆಂದು, ಒತ್ತಡ ತಗ್ಗಿಸಲು. ಆದರೆ ಹೊರಬಂದ ದ್ರವವನ್ನು ಅವರು ಚೆಲ್ಲಲಿಲ್ಲ. ಒತ್ತಡ ಅಳೆದರು, ಪ್ರೋಟೀನ್ ಮತ್ತು ಸಕ್ಕರೆಯನ್ನು ಪರೀಕ್ಷಿಸಿದರು. ಕೆಲವೇ ವರ್ಷಗಳಲ್ಲಿ ಆ ಹನಿಗಳಲ್ಲಿ ಕ್ಷಯದ ರೋಗಾಣು, ಕೀವಿನ ಕಣಗಳು ಕಾಣತೊಡಗಿದವು. ಚಿಕಿತ್ಸೆಯಾಗಿ ಹುಟ್ಟಿದ್ದು ರೋಗನಿದಾನವಾಗಿ ಬೆಳೆಯಿತು. ಅಪಾಯವೂ ಜೊತೆಗೇ ತಿಳಿಯಿತು. ಮಿದುಳಿನಲ್ಲಿ ಗೆಡ್ಡೆಯೋ ಕೀವುಗಟ್ಟಿದ ಬಾವೋ ಇದ್ದಾಗ ಕೆಳಗಿನಿಂದ ದ್ರವ ತೆಗೆದರೆ ಮಿದುಳು ಕೆಳಕ್ಕೆ ಜಾರಿ ರೋಗಿ ಅಲ್ಲಿಯೇ ಸಾಯಬಹುದು. ಇಂಥ ಸಾವುಗಳು 1890ರ ದಶಕದಲ್ಲಿಯೇ ವರದಿಯಾದವು.

ರೋಗ ಗೊತ್ತಾದರೂ ಮದ್ದಿರಲಿಲ್ಲವೆಂಬುದು ಆ ಕಾಲದ ದೊಡ್ಡ ನೋವು. ಮೊದಲ ಬೆಳಕು ಬಂದದ್ದು ಕುದುರೆಯಿಂದ. ನ್ಯೂಯಾರ್ಕಿನ ಸೈಮನ್ ಫ್ಲೆಕ್ಸ್‌ನರ್ ಮಿದುಳುಪೊರೆಯ ಉರಿಯೂತ ತರುವ ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟಿದ ಪ್ರತಿರೋಧಕ ಸೀರಮ್ಮನ್ನು ಕ್ವಿಂಕೆಯ ದಾರಿಯಿಂದಲೇ ರೋಗಿಗಳ ಬೆನ್ನಿಗೆ ಹಾಕಿಸಿದರು. ಚಿಕಿತ್ಸೆ ಪಡೆದ ಸುಮಾರು 1,300 ರೋಗಿಗಳ ವಿವರವನ್ನು ಅವರು 1913ರಲ್ಲಿ ಪ್ರಕಟಿಸಿದಾಗ ಸಾವಿನ ಪ್ರಮಾಣ ಶೇಕಡ 31ರ ಆಸುಪಾಸಿಗೆ ಇಳಿದಿತ್ತು. ಅದಕ್ಕೆ ಮೊದಲು ಈ ರೋಗ ಬಂದವರಲ್ಲಿ ಬದುಕುಳಿಯುತ್ತಿದ್ದವರೇ ಕಡಿಮೆ.

ಆ ಸೂಜಿ ಕುದುರೆಯ ಬಳಿಗೂ ಬಂತು. ಆದರೆ ಇಲ್ಲಿ ಶರೀರದ ರಚನೆಯೇ ಬೇರೆ. ಕುದುರೆಯ ಬೆನ್ನುಹುರಿ ಸೊಂಟ ದಾಟಿ ತ್ರಿಕಾಸ್ಥಿಯವರೆಗೂ ಚಾಚಿರುತ್ತದೆ. ಮನುಷ್ಯನಲ್ಲಿರುವ ನಿರ್ಭಯದ ಸಂದಿ ಅದಕ್ಕಿಲ್ಲ. ಮಂಪರು ಬರಿಸಿ ನಿಲ್ಲಿಸಿಯೇ ಸೊಂಟದ ಕೊನೆಯಲ್ಲಿ ದ್ರವ ತೆಗೆಯಬಹುದು. ಅದಕ್ಕೆ 15ರಿಂದ 20 ಸೆಂಟಿಮೀಟರ್ ಉದ್ದದ ಸೂಜಿ ಬೇಕು, ಪ್ರಾಣಿ ಬೆದರಿ ಒದ್ದರೆ ವೈದ್ಯರಿಗೇ ಪೆಟ್ಟು. ತಲೆ ಮತ್ತು ಕುತ್ತಿಗೆ ಸೇರುವ ಕಡೆ ತೆಗೆಯುವುದು ಇನ್ನೊಂದು ದಾರಿ. ಮಿದುಳಿನ ರೋಗಕ್ಕೆ ಅಲ್ಲಿನ ದ್ರವವೇ ಹೆಚ್ಚು ಸುಳಿವು ಕೊಡುತ್ತದೆ. ಆದರೆ ಅದಕ್ಕೆ ಪೂರ್ಣ ಅರಿವಳಿಕೆ ಕೊಟ್ಟು ಮಲಗಿಸಬೇಕು. ಮೊದಲೇ ತೂರಾಡುವ ಕುದುರೆ ಮತ್ತೆ ಎದ್ದು ನಿಲ್ಲದೆ ಹೋಗಬಹುದು. ಹೊಕ್ಕುಳಿನ ಸೋಂಕು ರಕ್ತಕ್ಕೇರಿದ ಎಳೆಮರಿಗಳಲ್ಲಿ ಈ ರೋಗ ಹೆಚ್ಚು. ದೊಡ್ಡ ಕುದುರೆಗಳಲ್ಲಿ ಅಪರೂಪ. ಗಂಟಲ ಗ್ರಂಥಿಗಳು ಕೀವಾಗುವ ಸ್ಟ್ರಾಂಗಲ್ಸ್ ರೋಗದ ಬೆನ್ನಿಗೆ ಮಿದುಳಿನಲ್ಲಿ ಬಾವು ಕಟ್ಟಿಕೊಳ್ಳುವುದುಂಟು. ಆಗ ಕ್ವಿಂಕೆಯ ಕಾಲದ ಆ ಹಳೆಯ ಅಪಾಯ ಲಾಯದಲ್ಲಿಯೂ ಎದುರಾಗುತ್ತದೆ.

ದ್ರವ ಕಲಕಿದ್ದು, ಬಿಳಿರಕ್ತಕಣಗಳೂ ಪ್ರೋಟೀನೂ ಏರಿ, ಸಕ್ಕರೆ ಇಳಿದಿದ್ದರೆ ಬ್ಯಾಕ್ಟೀರಿಯಾದ ಶಂಕೆ ಬಲವಾಗುತ್ತದೆ. ಪ್ರಯೋಗಾಲಯದಲ್ಲಿ ರೋಗಾಣು ಬೆಳೆದರೆ ಖಚಿತ. ಬೆಳೆಯದೆ ಹೋದರೂ ರೋಗವಿಲ್ಲವೆನ್ನಲಾಗದು. ರೇಬೀಸ್ ಇರುವ ನಮ್ಮಂಥ ದೇಶದಲ್ಲಂತೂ ಕೈಗವಸಿಲ್ಲದೆ ಇಂಥ ಕುದುರೆಯ ಬಳಿ ಸುಳಿಯಬಾರದು.

ಕೀಲ್‌ನಲ್ಲಿಯೇ ಇದ್ದ ಶಸ್ತ್ರವೈದ್ಯ ಆಗಸ್ಟ್ ಬಿಯರ್ 1898ರಲ್ಲಿ ಕ್ವಿಂಕೆಯ ವಿಧಾನದಿಂದ ಬೆನ್ನಿಗೆ ಕೊಕೇನ್ ಹಾಕಿ ಕೆಳಭಾಗ ಮರಗಟ್ಟಿಸಿದರು, ತಮ್ಮ ಮೇಲೂ ಪ್ರಯೋಗಿಸಿಕೊಂಡು ದಿನಗಟ್ಟಲೆ ತಲೆನೋವು ಅನುಭವಿಸಿದರು. ನಮ್ಮ ಊರುಗಳಲ್ಲಿ ಸಿಸೇರಿಯನ್ ಹೆರಿಗೆಗೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಆ ಸಾಲಿನದೇ. ಅದಕ್ಕೆ ಬಳಸುವ ಸೂಜಿಗಳಲ್ಲಿ ಒಂದು ಬಗೆಗೆ ಈಗಲೂ ಕ್ವಿಂಕೆ ಎಂದೇ ಹೆಸರು.

ಕ್ವಿಂಕೆ 1908ರಲ್ಲಿ ನಿವೃತ್ತರಾದರು. ನೊಬೆಲ್ ಪ್ರಶಸ್ತಿಗೆ ಹಲವು ಬಾರಿ ಅವರ ಹೆಸರು ಸೂಚಿತವಾಯಿತು, ಪ್ರಶಸ್ತಿ ಬರಲಿಲ್ಲ. 1922ರ ಮೇ 19ರಂದು, ಮೈನ್ ನದಿಯ ದಂಡೆಯ ಇನ್ನೊಂದು ಫ್ರಾಂಕ್‌ಫರ್ಟ್‌ನಲ್ಲಿ ತೀರಿಕೊಂಡಾಗ ಅವರಿಗೆ 79 ವರ್ಷ. ಫ್ಲೆಮಿಂಗ್ ಪೆನಿಸಿಲಿನ್ ಕಂಡದ್ದು ಅದಾದ ಆರು ವರ್ಷಗಳ ಮೇಲೆ.