ಸಂಗೀತರಸಿಕ ಜಯಚಾಮರಾಜ ಒಡೆಯರು

ಭದ್ರಾ ನದಿಯ ದಡದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಉರಿಯತೊಡಗಿತು. 1936ರಲ್ಲಿ ಅದೇ ಊರಿನಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಸಮೀಪದ ಶಿವಮೊಗ್ಗ ನಗರದಲ್ಲಿ 1930ರಲ್ಲಿ ಕರ್ನಾಟಕ ಸಂಘವು ಜನ್ಮತಾಳಿ ಕನ್ನಡದ ಓದಿಗೂ ಉಪನ್ಯಾಸಗಳಿಗೂ ನೆಲೆಯಾಯಿತು. ಇವೆಲ್ಲವೂ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕಾಲದವು. ಇಂತಹ ಏಳಿಗೆಯ ರಾಜ್ಯವು 1940ರಲ್ಲಿ ಇಪ್ಪತ್ತೊಂದು ವರ್ಷದ ತರುಣರೊಬ್ಬರ ಪಾಲಿಗೆ ಬಂದಿತು. ಅವರ ಮನಸ್ಸಾದರೋ ಆಗ ಪಿಯಾನೋ ವಾದ್ಯದಲ್ಲಿ ನೆಟ್ಟಿತ್ತು.

ಜಯಚಾಮರಾಜ ಒಡೆಯರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಮತ್ತು ಕೆಂಪು ಚೆಲುವಾಜಮ್ಮಣ್ಣಿಯವರ ಪುತ್ರರಾಗಿ 1919ರ ಜುಲೈ 18ರಂದು ಜನಿಸಿದರು. ನಾಲ್ವಡಿಯವರು ಅವರಿಗೆ ದೊಡ್ಡಪ್ಪ. ಅರಮನೆಯಲ್ಲಿ ವೀಣೆಯ ನಾದವೂ ಪಾಶ್ಚಾತ್ಯ ವಾದ್ಯಮೇಳದ ಘೋಷವೂ ಕಿವಿಗೆ ಬೀಳುತ್ತಿದ್ದ ಕಾಲವದು. ಅವರ ಪಿತಾಮಹರ ಆಳ್ವಿಕೆಯಲ್ಲಿ, 1891ರಲ್ಲಿ, ಸ್ಥಾಪನೆಯಾದ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ತಾಳೆಯೋಲೆಯ ಕಟ್ಟುಗಳು ರಾಶಿಯಾಗಿದ್ದವು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಲೋಕಕ್ಕೆ ನೀಡಿದ್ದು ಆ ಗ್ರಂಥಾಲಯದಿಂದಲೇ. ಗ್ರಂಥ ಮತ್ತು ಗಾನ ಎರಡೂ ಬಾಲಕನಿಗೆ ಮನೆಯ ಸೊತ್ತಾಗಿದ್ದವು.

1938ರಲ್ಲಿ ಮಹಾರಾಜ ಕಾಲೇಜಿನಿಂದ ಪದವಿ ಪಡೆದು, ಮರುವರ್ಷ ಅವರು ಯೂರೋಪು ಖಂಡದಲ್ಲಿ ಪ್ರವಾಸ ಮಾಡಿದರು. ಸಭಾಂಗಣಗಳಲ್ಲಿ ನುಡಿಸುವ ಪಿಯಾನೋ ವಾದಕನಾಗಬೇಕೆಂಬುದು ಅವರ ಹಂಬಲ. ವಿಧಿಯ ನಿರ್ಣಯ ಬೇರೆಯಾಗಿತ್ತು. 1940ರ ಮಾರ್ಚಿನಲ್ಲಿ ತಂದೆ ತೀರಿಕೊಂಡರು. ಆಗಸ್ಟಿನಲ್ಲಿ ದೊಡ್ಡಪ್ಪನವರೂ ಕಾಲವಾದರು. ಸೆಪ್ಟೆಂಬರ್ 8ರಂದು ಜಯಚಾಮರಾಜರು ಸಿಂಹಾಸನವನ್ನೇರಿದರು. ವಾದಕನಾಗುವ ಆಸೆ ಅಲ್ಲಿಗೆ ಮುಗಿಯಿತು.

ನುಡಿಸುವ ಬಾಗಿಲು ಮುಚ್ಚಿತಾದರೂ ಕೇಳುವ ಬಾಗಿಲು ತೆರೆದೇ ಇತ್ತು. ಆ ಕಾಲದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ನಾಲ್ಕೈದು ನಿಮಿಷಗಳ ಸಂಗೀತ ಮಾತ್ರ ಹಿಡಿಯುತ್ತಿತ್ತು. ನಲವತ್ತು ನಿಮಿಷಗಳ ಒಂದು ದೊಡ್ಡ ಕೃತಿಯನ್ನು ಪೂರ್ತಿಯಾಗಿ ಕೇಳಬೇಕಾದರೆ ಐದಾರು ತಟ್ಟೆಗಳನ್ನು ಒಂದಾದ ಮೇಲೊಂದರಂತೆ ತಿರುವಿ ಹಾಕಬೇಕು. ಹೀಗಿರುವಾಗ ಜಯಚಾಮರಾಜರ ಸಂಗ್ರಹದಲ್ಲಿದ್ದ ಧ್ವನಿಮುದ್ರಿಕೆಗಳ ಸಂಖ್ಯೆ ಸುಮಾರು 20,000 ಎಂದು ಅಂದಾಜು ಮಾಡಲಾಗಿತ್ತು. ಲಂಡನ್ನಿನ ಧ್ವನಿಮುದ್ರಣ ತಜ್ಞ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ ಆ ಸಂಗ್ರಹವನ್ನೂ, ಅದಕ್ಕಾಗಿ ಜೋಡಿಸಿದ್ದ ಧ್ವನಿವರ್ಧಕಗಳನ್ನೂ, ಪಿಯಾನೋಗಳ ಸಾಲನ್ನೂ ಕಂಡು ಬೆರಗಾದರು. ಹೆಸರಾಂತರ ಕೃತಿಗಳಷ್ಟರಿಂದಲೇ ತೃಪ್ತರಾಗುವ ಸಂಗ್ರಾಹಕರು ಬಹಳ ಮಂದಿ. ಲೋಕ ಮರೆತವರನ್ನು ಹುಡುಕಿ ಕೇಳುವುದು ಜಯಚಾಮರಾಜರ ಸ್ವಭಾವ.

ನಿಕೊಲಾಯ್ ಮೆಟ್ನರ್ ಅಂತಹವರಲ್ಲೊಬ್ಬರು. ಮಾಸ್ಕೋದಲ್ಲಿ 1880ರಲ್ಲಿ ಹುಟ್ಟಿದ ಈ ರಚನಕಾರರು ಕ್ರಾಂತಿಯ ಅನಂತರ ತಾಯ್ನಾಡನ್ನು ತೊರೆದು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ್ದರು. ಯುದ್ಧದ ದಿನಗಳಲ್ಲಿ ಸಂಪಾದನೆಯೂ ಕುಗ್ಗಿತು, ದೇಹವೂ ಕುಗ್ಗಿತು. ಅವರ ಸಂಗೀತವನ್ನು ಕೇಳಬಯಸುವವರೇ ವಿರಳರಾಗಿದ್ದರು. ಸಾವಿರಾರು ಮೈಲಿ ದೂರದ ಮೈಸೂರಿನ ಅರಸರಿಗೆ ಆ ಸಂಗೀತ ಪ್ರಿಯವಾಗಿತ್ತು. ಅವರ ಧನಸಹಾಯದಿಂದ 1940ರ ದಶಕದ ಕೊನೆಯ ವರ್ಷಗಳಲ್ಲಿ ಮೆಟ್ನರರ ಮೂರು ಪಿಯಾನೋ ಕಂಚೆರ್ಟೋಗಳು, ಹಾಡುಗಳು ಮತ್ತು ಇತರ ರಚನೆಗಳು ಮುದ್ರಣಗೊಂಡವು. ವೃದ್ಧರಾದ ಮೆಟ್ನರರೇ ಪಿಯಾನೋ ಮುಂದೆ ಕುಳಿತು ನುಡಿಸಿದರು. ತಮ್ಮ ಮೂರನೆಯ ಕಂಚೆರ್ಟೋವನ್ನು ಅವರು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು, 1951ರಲ್ಲಿ ನಿಧನರಾದರು. ಆ ಮುದ್ರಣಗಳು ಆಗದೆ ಹೋಗಿದ್ದರೆ ಆ ಬೆರಳುಗಳ ನಾದದ ಬಹುಭಾಗ ಅವರೊಡನೆಯೇ ಅಳಿದುಹೋಗುತ್ತಿತ್ತು.

ಲೆಗ್ ಅವರು ಕಟ್ಟಿದ್ದ ಫಿಲ್‌ಹಾರ್ಮೋನಿಯ ವಾದ್ಯಮೇಳಕ್ಕೂ ಜಯಚಾಮರಾಜರು ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷ ನೆರವು ನೀಡಲೊಪ್ಪಿದರು. 1948ರಲ್ಲಿ ಆ ಮೇಳದ ಸಂಗೀತ ಸಂಘಕ್ಕೆ ಅವರೇ ಪ್ರಥಮ ಅಧ್ಯಕ್ಷರಾದರು. ಜರ್ಮನಿಯ ರಿಚರ್ಡ್ ಸ್ಟ್ರಾಸರು ತಮ್ಮ ಜೀವನದ ಸಂಜೆಯಲ್ಲಿ ರಚಿಸಿದ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ಮೊದಲ ಬಾರಿಗೆ ಕೇಳಿಬಂದುದು ಜಯಚಾಮರಾಜರ 4,800 ಡಾಲರುಗಳ ಖಾತರಿಯ ಬಲದಿಂದ. ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು. ಫುರ್ಟ್‌ವೆಂಗ್ಲರ್ ಮೇಳವನ್ನು ನಡೆಸಿದರು. ಹಣ ನೀಡಿದವರು ಸಭೆಯಲ್ಲಿರಲಿಲ್ಲ. ಆ ಸಂಜೆಯ ಸಂಗೀತವನ್ನು ತಟ್ಟೆಗಳಿಗಿಳಿಸಿ ಮೈಸೂರಿನ ಅವರ ಸಂಗ್ರಹಕ್ಕೆ ಕಳುಹಿಸುವ ಏರ್ಪಾಡಾಗಿತ್ತು.

ಮೈಸೂರಿನ ಅರಸರು ಲಂಡನ್ನಿನ ವಾದ್ಯಮೇಳಕ್ಕೆ ಹಣ ಕೊಡುವುದೇತಕ್ಕೆ ಎಂದು ಯಾರಾದರೂ ಕೇಳಿಯಾರು. ಪ್ರಶ್ನೆ ಅನುಚಿತವೇನಲ್ಲ. ಸ್ವದೇಶದ ವಿದ್ಯೆಗಾಗಿ ಅವರು ಮಾಡಿದುದನ್ನೂ ಅದರೊಡನೆ ಇಟ್ಟು ತೂಗಿ ನೋಡುವುದು ನ್ಯಾಯ. ಮೈಸೂರು ವಾಸುದೇವಾಚಾರ್ಯರು, ವೀಣೆ ವೆಂಕಟಗಿರಿಯಪ್ಪನವರು, ಪಿಟೀಲು ಚೌಡಯ್ಯನವರು ಅವರ ಆಸ್ಥಾನದಲ್ಲಿ ಮನ್ನಣೆ ಪಡೆದಿದ್ದರು. ಶಿವಮೊಗ್ಗ ನಗರದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿರುವ ಆಯನೂರಿನಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ, ಜಲತರಂಗವೇ ಮೊದಲಾದ ಹಲವು ವಾದ್ಯಗಳಲ್ಲಿ ನುರಿತ ಬಿ. ದೇವೇಂದ್ರಪ್ಪನವರೂ ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದರು. ಇಂತಹವರ ಸಹವಾಸದಲ್ಲಿ ಜಯಚಾಮರಾಜರ ಕಿವಿ ಕರ್ನಾಟಕ ಸಂಗೀತದತ್ತ ಮತ್ತೆ ಹೊರಳಿತು. ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನು ಕಲಿತು, ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಶ್ರೀವಿದ್ಯಾ ಎಂಬ ಅಂಕಿತದಿಂದ ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದರು. ಅಪರೂಪದ ರಾಗಗಳನ್ನೂ ಅವರು ಬಳಸಿದರು. ಗಂಭೀರನಾಟ ರಾಗದ ಅವರ ಕೃತಿಯನ್ನು ಗಾಯಕರು ಇಂದಿಗೂ ಕಛೇರಿಗಳಲ್ಲಿ ಹಾಡುತ್ತಾರೆ.

ಗ್ರಂಥಗಳ ವಿಷಯದಲ್ಲಿ ಅವರ ಮನೋಧರ್ಮ ಇನ್ನಷ್ಟು ಸ್ಪಷ್ಟ. ಸಂಸ್ಕೃತವನ್ನರಿಯದ ಕನ್ನಡಿಗರಿಗೆ ವೇದ ಪುರಾಣಗಳು ಕಪಾಟಿನೊಳಗಣ ನಿಧಿಯಂತಿದ್ದವು. ಜಯಚಾಮರಾಜರು ತಮ್ಮ ಹೆಸರಿನ ಗ್ರಂಥರತ್ನಮಾಲೆಯನ್ನು ಆರಂಭಿಸಿ, ಮೂಲವನ್ನು ಕನ್ನಡ ಲಿಪಿಯಲ್ಲಿಯೂ ಅರ್ಥವನ್ನು ತಿಳಿಗನ್ನಡದಲ್ಲಿಯೂ ಅಚ್ಚುಮಾಡಿಸಿದರು. ಋಗ್ವೇದವೊಂದೇ ಮೂವತ್ತಕ್ಕೂ ಹೆಚ್ಚು ಸಂಪುಟಗಳಾಯಿತು. ಒಂದು ಊರಿನ ಒಬ್ಬ ಓದುಗ ಅವನ್ನೆಲ್ಲ ಕೊಳ್ಳುವುದು ಕಷ್ಟವೇ. ಆದರೆ ಅರಮನೆಯ ಕಪಾಟಿಗಷ್ಟೇ ಮೀಸಲಾಗಬಹುದಾಗಿದ್ದ ಗ್ರಂಥವು ಈಗ ಸಾಮಾನ್ಯ ಗ್ರಂಥಾಲಯವೊಂದರ ಮೇಜಿನ ಮೇಲೂ ಕಾಣಿಸಿಕೊಳ್ಳಬಹುದಾಯಿತು. ಸ್ವತಃ ಇಂಗ್ಲಿಷಿನಲ್ಲಿ ತತ್ತ್ವಶಾಸ್ತ್ರದ ಕೃತಿಗಳನ್ನು ಬರೆದರು. ದತ್ತಾತ್ರೇಯನನ್ನು ಕುರಿತ ಅವರ ಗ್ರಂಥ 1957ರಲ್ಲಿ ಪ್ರಕಟವಾಯಿತು.

1947ರಲ್ಲಿ ಮೈಸೂರು ಭಾರತ ಒಕ್ಕೂಟವನ್ನು ಸೇರಿತು. ಅರಸರಾಗಿದ್ದವರು ರಾಜಪ್ರಮುಖರಾದರು, 1956ರಿಂದ 1964ರವರೆಗೆ ಮೈಸೂರಿನ ರಾಜ್ಯಪಾಲರೂ, ಅನಂತರ 1966ರವರೆಗೆ ಮದರಾಸಿನ ರಾಜ್ಯಪಾಲರೂ ಆಗಿದ್ದರು. ಅವರು ಮದರಾಸಿನಲ್ಲಿದ್ದಾಗಲೇ, 1965ರಲ್ಲಿ, ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಒಂದು ತಟ್ಟೆಯನ್ನೂ ಕೊಳ್ಳಲಾಗದ ಮಲೆನಾಡಿನ ಮನೆಯಲ್ಲಿಯೂ, ಕಾರ್ಖಾನೆಯ ಪಾಳಿ ಮುಗಿಸಿ ಬಂದ ಕೆಲಸಗಾರನ ಮನೆಯಲ್ಲಿಯೂ ಶಾಸ್ತ್ರೀಯ ಸಂಗೀತ ಕೇಳಿಬರತೊಡಗಿತು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯು ಜಯಚಾಮರಾಜರಿಗೆ ತನ್ನ ಅತ್ಯುನ್ನತ ಗೌರವವಾದ ಫೆಲೋಷಿಪ್ ನೀಡಿತು. 1974ರ ಸೆಪ್ಟೆಂಬರ್ 23ರಂದು, ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ನಿಧನರಾದರು.